ಶನಿವಾರ ರಾತ್ರಿ ಎರಡು ಗಂಟೆಯ ಕೆಲಸ

ತಾನು ಸುಮ್ಮನೆ ಕೂತಿರಬೇಕು, ತನ್ನ ಕೆಲಸ ಮಾತ್ರ ತನ್ನಷ್ಟಕ್ಕೆ ಆಗಿಹೋಗಬೇಕು ಎಂಬ ಆಸೆ ಇಲ್ಲದ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ನನಗಂತೂ ಈ ಆಸೆ ಚಿಕ್ಕಂದಿನಿಂದಲೇ ಇತ್ತು. ಬಚ್ಚಲ ಹಂಡೆಗೆ ನೀರು ತುಂಬಿಸುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ಒಂದು ಮಳೆಗಾಲದಲ್ಲಿ ನಾನು ತಲೆ ಓಡಿಸಿ, ಅಡಿಕೆ ಮರ ಸೀಳಿ ನೀರು ಹರಿಯಲು ತೋಡಿದ ದಂಬೆಯೊಂದನ್ನು ಮಾಡಿನ ಅಂಚಿನಿಂದ ಹಂಡೆಯ ಬಾಯಿಯವರೆಗೆ ಓರೆಯಾಗಿ ಇಟ್ಟೆ. ಮಳೆ ಬಂದರೆ ಹಂಡೆ ತಾನಾಗಿ ತುಂಬುತ್ತದೆ, ನಾನು ಚಾವಡಿಯಲ್ಲಿ ಕೂತು ಓದಬಹುದು ಎಂದು ಎಣಿಕೆ. ಹಂಡೆ ತುಂಬಿತು. ತುಂಬಿದ ಮೇಲೂ ಮಳೆ ನಿಲ್ಲಲಿಲ್ಲ. ಉಕ್ಕಿದ ನೀರು ಒಲೆಗೆ ಇಳಿದು ಬೆಂಕಿ ಆರಿತು, ಪಕ್ಕದಲ್ಲಿ ಒಟ್ಟಿದ್ದ ಸೌದೆ ನೆನೆಯಿತು, ಅಪ್ಪಯ್ಯ ಮೂರು ದಿನ ತಣ್ಣೀರಲ್ಲಿ ಮಿಂದರು. ಕೆಲಸ ತಾನಾಗಿ ಶುರುವಾಗುವಂತೆ ಮಾಡುವುದು ಸುಲಭ, ಅದು ಸರಿಯಾದ ಹೊತ್ತಿಗೆ ಸರಿಯಾಗಿ ನಡೆಯುವಂತೆ ಮಾಡುವುದು ಕಷ್ಟ ಎಂದು ನಾನು ಅಂದೇ ಕಲಿಯಬೇಕಿತ್ತು. ಬದಲಿಗೆ ದಂಬೆಯ ಓರೆ ಸ್ವಲ್ಪ ಹೆಚ್ಚಾಯಿತು ಎಂದಷ್ಟೇ ಕಲಿತೆ.

ಮುಂದೆ ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನಾದೆ. ದಿನಾ ಬ್ರಹ್ಮಾವರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಕಂಪ್ಯೂಟರಿಗೂ ನನಗೂ ಇದ್ದ ಸಂಬಂಧವೆಂದರೆ ಒಂದು ವರ್ಷ ರಜೆಯಲ್ಲಿ ಮೂರು ದಿನದ ಲಿನಕ್ಸ್ ತರಬೇತಿಗೆ ನನ್ನನ್ನು ಕಳಿಸಿದ್ದರು ಎಂಬುದು ಮಾತ್ರ. ಕಳಿಸಿದ್ದಕ್ಕೆ ಕಾರಣ ನನ್ನ ಆಸಕ್ತಿಯಲ್ಲ, ಆ ವಾರ ಮನೆಯಲ್ಲಿ ಮದುವೆ ಇಲ್ಲದ ಅಧ್ಯಾಪಕ ನಾನೊಬ್ಬನೇ ಆಗಿದ್ದೆ. ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಹೇಳಿಕೊಟ್ಟದ್ದು ನನ್ನ ತಲೆಗೆ ಇಳಿಯಲಿಲ್ಲ. ಅದು ಊಟದ ತಪ್ಪು. ಆದರೂ ವಾಪಸು ಬರುವಷ್ಟರಲ್ಲಿ ನಾನು ಕಾಲೇಜಿಗೆ ಲಿನಕ್ಸ್ ಬಲ್ಲವನಾಗಿಬಿಟ್ಟಿದ್ದೆ. ಆಫೀಸಿನ ಮೂಲೆಯಲ್ಲಿ ಸೈಕ್ಲೋಸ್ಟೈಲ್ ಯಂತ್ರ ಇದ್ದ ಜಾಗಕ್ಕೆ ಹೊಸ ಸರ್ವರ್ ಬಂತು. ಆಯುಧಪೂಜೆಯ ದಿನ ಹೆಡ್ ಕ್ಲಾರ್ಕ್ ರಾಮಣ್ಣ ಅದರ ನೆತ್ತಿಗೆ ಕುಂಕುಮ ಹಚ್ಚಿ, ಗಾಳಿ ಬಿಡುವ ತೂತಿನ ಮೇಲೆಯೇ ಒಂದು ಸೇವಂತಿಗೆ ಇಟ್ಟರು. ಇನ್ನು ಮೇಲೆ ಇದರ ಯೋಗಕ್ಷೇಮವೆಲ್ಲ ನಿಮ್ಮದೇ ಎಂದು ಪ್ರಿನ್ಸಿಪಾಲರು ನನಗೆ ಹೇಳಿದರು. ಹೂವು ತೆಗೆಯುವುದರೊಂದಿಗೆ ನನ್ನ ಅಧಿಕಾರ ಆರಂಭವಾಯಿತು.

ಸರ್ವರ್ ಯಂತ್ರಕ್ಕೂ ನಮ್ಮ ಮನೆಗಳ ಹಾಗೆ ಗುಡಿಸಿ ಒರೆಸುವ ಕೆಲಸ ಇರುತ್ತದೆ. ಹಳೆಯ ಕಡತಗಳನ್ನು ಎಸೆಯಬೇಕು, ಮುಖ್ಯವಾದದ್ದಕ್ಕೆ ಇನ್ನೊಂದು ಪ್ರತಿ ತೆಗೆದಿಡಬೇಕು, ತಾತ್ಕಾಲಿಕವಾಗಿ ಇಟ್ಟದ್ದನ್ನು ಖಾಲಿ ಮಾಡಬೇಕು. ಇದನ್ನೆಲ್ಲ ಕೈಯಲ್ಲಿ ಮಾಡಬೇಕಾಗಿಲ್ಲ, ಲಿನಕ್ಸಿನಲ್ಲಿ ಕ್ರಾನ್ ಎಂಬವನೊಬ್ಬ ಇದ್ದಾನೆ ಎಂದು ತರಬೇತಿಯಲ್ಲಿ ಹೇಳಿದ್ದರು. ಅದು ಊಟಕ್ಕೆ ಮೊದಲು ಹೇಳಿದ್ದರಿಂದ ನೆನಪಿತ್ತು. ಕ್ರಾನನ ಕೆಲಸ ಥೇಟ್ ನಮ್ಮ ಬಸ್‌ಸ್ಟ್ಯಾಂಡಿನ ಟೈಮ್ ಕೀಪರನದು. ಕೈಯಲ್ಲೊಂದು ಪಟ್ಟಿ, ಕಣ್ಣು ಗಡಿಯಾರದ ಮೇಲೆ. ನಿಮಿಷ ಕೂಡಿ ಬಂದರೆ ಸೀಟಿ ಊದಿ ಬಸ್ಸು ಬಿಡುತ್ತಾನೆ. ಬಸ್ಸಿನೊಳಗೆ ಜನ ಇದ್ದಾರೋ, ಡ್ರೈವರನ ಚಾ ಮುಗಿದಿದೆಯೋ, ಅದೆಲ್ಲ ಅವನಿಗೆ ಸಂಬಂಧವಿಲ್ಲ. ಆ ಪಟ್ಟಿಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಸಾಲು. ಸಾಲಿನ ಮೊದಲಿಗೆ ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ ಎಂದು ಐದು ಜಾಗ. ಬೇಡದ ಜಾಗಕ್ಕೆ ಒಂದು ನಕ್ಷತ್ರದ ಚಿಹ್ನೆ. ವಾರಗಳಿಗೆ ಹೆಸರಿನ ಬದಲು ಅಂಕಿ. ಭಾನುವಾರ ಸೊನ್ನೆ, ಅಲ್ಲಿಂದ ಎಣಿಸುತ್ತ ಬಂದರೆ ಶನಿವಾರ ಆರು. ಇಷ್ಟು ಸರಳವಾದ ವಿದ್ಯೆಯನ್ನು ನಾನು ಬಹಳ ಗಂಭೀರವಾಗಿ ಅಭ್ಯಾಸ ಮಾಡಿದೆ. ಸ್ಟಾಫ್ ರೂಮಿನಲ್ಲಿ ಒಂದು ವಾರ ಈ ಐದು ಜಾಗಗಳ ಬಗ್ಗೆಯೇ ಮಾತಾಡಿದ್ದರಿಂದ ನನ್ನ ಹತ್ತಿರ ಕೂತು ಚಾ ಕುಡಿಯುವವರು ಕಡಿಮೆಯಾದರು.

ಇಲ್ಲಿ ನನ್ನ ಬಾವನ ಸುದ್ದಿ ಒಂದಿಷ್ಟು ಹೇಳಬೇಕು. ಬಾವ ಎಂದರೆ ಅಕ್ಕನ ಗಂಡ, ಮುಂಬಯಿಯಲ್ಲಿ ಕ್ಯಾಂಟೀನು ನಡೆಸುತ್ತಿದ್ದವನು. ಒಮ್ಮೆ ಊರಿಗೆ ಬಂದವನು ಶನಿವಾರ ರಾತ್ರಿಯ ರೈಲಿಗೆ ಹಿಂತಿರುಗಬೇಕಿತ್ತು. ರೈಲು ಕುಂದಾಪುರ ಸ್ಟೇಷನ್ನಿಗೆ ಬರುವುದು ಹನ್ನೆರಡೂವರೆಗೆ. ಶನಿವಾರದ ತಾರೀಕಿಗೇ ಟಿಕೆಟು ಮಾಡಿಸಿ, ಶನಿವಾರ ಊಟ ಮುಗಿಸಿ, ಹಪ್ಪಳ, ಕೊಬ್ಬರಿ ಎಣ್ಣೆ ಸಮೇತ ಸ್ಟೇಷನ್ನಿಗೆ ಹೋದರೆ, ಅವನ ಟಿಕೆಟಿನ ರೈಲು ಹಿಂದಿನ ರಾತ್ರಿಯೇ ಹೋಗಿಯಾಗಿತ್ತು. ರೈಲ್ವೆಯವರಿಗೆ ನಡುರಾತ್ರಿ ಹನ್ನೆರಡಕ್ಕೇ ದಿನ ಬದಲಾಗುತ್ತದೆ ಎಂಬುದು ಇಷ್ಟು ವರ್ಷ ಮುಂಬಯಿಯಲ್ಲಿ ಇದ್ದವನಿಗೆ ತಿಳಿಯಬಾರದೇ ಎಂದು ನಾನು ನಕ್ಕೆ. ಒಮ್ಮೆ ನಕ್ಕು ಬಿಡಲಿಲ್ಲ. ಎರಡು ಮದುವೆ, ಒಂದು ಉಪನಯನ, ಒಂದು ಗೃಹಪ್ರವೇಶದಲ್ಲಿ ನಾಲ್ಕು ಜನರನ್ನು ಸೇರಿಸಿಕೊಂಡು ನಕ್ಕೆ. ಬಾವ ಪಾಪದವನು, ತಾನೂ ಜೊತೆಗೆ ನಗುತ್ತಿದ್ದ.

ಈಗ ವಾರಿಜಾ ಮೇಡಂ. ನಮ್ಮ ಕಾಲೇಜಿನ ಗ್ರಂಥಪಾಲಕಿ. ವಂಡ್ಸೆಯಿಂದ ಬರುತ್ತಿದ್ದರು. ಕಾಲೇಜಿಗೆ ಸೇರಿದ ದಿನದಿಂದ ಅವರ ಕೈ ದಾಟದೆ ಒಂದು ಪುಸ್ತಕವೂ ಒಳಗೆ ಬಂದದ್ದಿಲ್ಲ, ಹೊರಗೆ ಹೋದದ್ದೂ ಇಲ್ಲ. ಪುಸ್ತಕ ತಡವಾಗಿ ತಂದವರಿಗೆ ಅವರು ಬೈಯುತ್ತಿರಲಿಲ್ಲ. ಕನ್ನಡಕದ ಮೇಲಿನಿಂದ ಒಮ್ಮೆ ನೋಡುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ನಾನೇ ಎರಡು ಸಲ ಪುಸ್ತಕವನ್ನು ಅಟೆಂಡರನ ಕೈಯಲ್ಲಿ ಕಳಿಸಿದ್ದೇನೆ. ಅವರ ನೆನಪಿನ ಶಕ್ತಿ ಕಾಲೇಜಿನಲ್ಲಿ ಹೆಸರಾಗಿತ್ತು. ಇಂಥ ಪುಸ್ತಕ ಎಂದರೆ, ಮೂರನೇ ಕಪಾಟು, ಕೆಳಗಿನ ಸಾಲು, ಬೆನ್ನು ಹರಿದಿದೆ, ಜಾಗ್ರತೆ ಎನ್ನುತ್ತಿದ್ದರು. ನಿವೃತ್ತಿಗೆ ಒಂದು ವರ್ಷ ಇರುವಾಗ ಕಾಲೇಜು ಪುಸ್ತಕಗಳ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕೆಂದು ಹೊರಟಿತು. ಮಾಡಿದರೆ ನಾನೇ ಮಾಡುತ್ತೇನೆ, ಮುಗಿಸಿಯೇ ಹೋಗುತ್ತೇನೆ ಎಂದು ಮೇಡಂ ಹೇಳಿದರು. ಅವರಿಗೆ ಅದು ಕೊನೆಯ ಕೆಲಸ. ಇಷ್ಟು ವರ್ಷ ತಲೆಯಲ್ಲಿ ಹೊತ್ತದ್ದನ್ನು ಎಲ್ಲಾದರೂ ಇಳಿಸಿ ಹೋಗಬೇಕೆಂದು ಅವರ ಮನಸ್ಸಿನಲ್ಲಿತ್ತು ಎಂದು ನನಗೆ ಆಮೇಲೆ ಅನ್ನಿಸಿದೆ. ಉಳಿದ ದಿನ ಮಕ್ಕಳ ಗಲಾಟೆ ಇರುವುದರಿಂದ ಅವರಿಗೆ ಪುರುಸೊತ್ತಾಗುತ್ತಿದ್ದುದು ಶನಿವಾರ. ಮಧ್ಯಾಹ್ನ ಕ್ಲಾಸು ಬಿಟ್ಟ ಮೇಲೆ ಬುತ್ತಿ ಉಂಡು, ನಾಲ್ಕೂವರೆಯವರೆಗೆ ಕೂತು ಒಂದೊಂದೇ ಪುಸ್ತಕದ ವಿವರ ಟೈಪು ಮಾಡಿ, ಮುಗಿದದ್ದಕ್ಕೆ ದೊಡ್ಡ ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಗುರುತು ಹಾಕುತ್ತಿದ್ದರು.

ಅವರು ಟೈಪು ಮಾಡಿದ್ದು ಮೊದಲು ಸರ್ವರಿನ ಒಂದು ತಾತ್ಕಾಲಿಕ ಜಾಗದಲ್ಲಿ ಹೋಗಿ ಕೂರುತ್ತಿತ್ತು. ವಾರಕ್ಕೊಮ್ಮೆ ಅದನ್ನು ಮುಖ್ಯ ಪಟ್ಟಿಗೆ ಸೇರಿಸಿ, ಪ್ರತಿ ತೆಗೆದು, ಆಮೇಲೆ ಆ ಜಾಗವನ್ನು ಗುಡಿಸಿ ಖಾಲಿ ಮಾಡಬೇಕು. ಜನವರಿಯವರೆಗೆ ನಾನು ಅದನ್ನು ಸೋಮವಾರ ಬೆಳಿಗ್ಗೆ ಕೈಯಲ್ಲೇ ಮಾಡುತ್ತಿದ್ದೆ. ಫೆಬ್ರವರಿಯಲ್ಲಿ ನನಗೆ ಕ್ರಾನನ ಮೇಲೆ ಪ್ರೀತಿ ಉಕ್ಕಿ, ಎರಡು ಸಾಲು ಬರೆದು ಆ ಕೆಲಸವನ್ನು ಅವನಿಗೆ ಒಪ್ಪಿಸಿದೆ. ಶನಿವಾರ ರಾತ್ರಿ ಎರಡು ಗಂಟೆಗೆ ಸೇರಿಸುವುದು. ಭಾನುವಾರ ಬೆಳಿಗ್ಗೆ ಆರಕ್ಕೆ ಗುಡಿಸುವುದು. ನಡುವೆ ನಾಲ್ಕು ಗಂಟೆ ಬಿಟ್ಟದ್ದು ನನ್ನ ದೂರದೃಷ್ಟಿ. ಮೊದಲ ಸಾಲಿನ ವಾರದ ಜಾಗದಲ್ಲಿ ಶನಿವಾರದ ಆರು, ಎರಡನೆಯದರಲ್ಲಿ ಭಾನುವಾರದ ಸೊನ್ನೆ. ಎರಡು ಸಲ ಓದಿ ನೋಡಿದೆ. ಎಲ್ಲೂ ತಪ್ಪು ಕಾಣಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು.

ಮೂರು ವಾರ ಕಳೆದ ಮೇಲೆ ಮೇಡಂ ರಿಜಿಸ್ಟರನ್ನು ಎದೆಗೆ ಅವಚಿಕೊಂಡು ಆಫೀಸಿಗೆ ಬಂದರು. "ಮಾಷ್ಟ್ರೆ, ಶನಿವಾರ ಕೂಕಂಡ್ ಹೊಡದ್ ಪುಸ್ತಕ ಒಂದೂ ಪಟ್ಟಿಯಂಗೆ ಕಾಂತಿಲ್ಲೆ. ಎಂತ ಆಯ್ತ್ ಕಾಣಿ" ಎಂದರು. ನಾನು ನೋಡಿದೆ. ಸೋಮವಾರದಿಂದ ಶುಕ್ರವಾರದವರೆಗೆ ನಡುನಡುವೆ ಹಾಕಿದ ಒಂದೆರಡು ಪುಸ್ತಕಗಳು ಇದ್ದವು, ಶನಿವಾರದ್ದು ಇರಲಿಲ್ಲ. ಮೊದಲು ಸಿಡಿಲಿನ ಮೇಲೆ ಸಂಶಯಪಟ್ಟೆ. ದೂರದಲ್ಲಿ ಗುಡುಗಿದರೂ ಸಾಕು, ರಾಮಣ್ಣ ಓಡಿ ಬಂದು ಆಫೀಸಿನ ಎಲ್ಲ ಪ್ಲಗ್ಗು ಕೀಳುವವರು. ಆದರೆ ಫೆಬ್ರವರಿಯಲ್ಲಿ ಗುಡುಗು ಎಲ್ಲಿಂದ ಬರಬೇಕು? ಕ್ರಾನ್ ಬರೆದಿಟ್ಟ ದಿನಚರಿ ತೆಗೆದು ನೋಡಿದರೆ, ಶನಿವಾರ ಎರಡು ಗಂಟೆ, ಕೆಲಸ ಮುಗಿದಿದೆ ಎಂದು ಮೂರು ವಾರವೂ ಅಚ್ಚುಕಟ್ಟಾಗಿ ಬರೆದಿತ್ತು. ಅದನ್ನು ಪ್ರಿಂಟು ತೆಗೆದು ಮೇಡಂಗೆ ತೋರಿಸಿದೆ. ಯಂತ್ರ ಸುಳ್ಳು ಹೇಳುವುದಿಲ್ಲ, ನೀವು ಸೇವ್ ಒತ್ತಲು ಮರೆತಿರಬಹುದು ಎಂದು ಬಹಳ ನಯವಾಗಿ ಹೇಳಿದೆ. ಅವರು ಪ್ರಿಂಟನ್ನೂ ರಿಜಿಸ್ಟರನ್ನೂ ನೋಡಿದರು. ಆಮೇಲೆ, ಇರ್ಲಕ್ಕ್, ಇನ್ ಜಾಗ್ರತೆ ಮಾಡ್ತೆ ಎಂದು ಹೋದರು.

ಮುಂದಿನ ಶನಿವಾರದ್ದೂ ಹೋಯಿತು, ಅದರ ಮುಂದಿನದೂ ಹೋಯಿತು. ಸೇವ್ ಒತ್ತಿದ ಕೂಡಲೇ ಒಂದು ಕಾಗದದಲ್ಲಿ 'ಒತ್ತಿದೆ' ಎಂದು ಬರೆದಿಡಲು ಮೇಡಂ ಶುರು ಮಾಡಿದರು. ಆಮೇಲೆ ಆ ಕಾಗದದ ಮೇಲೂ ನಂಬಿಕೆ ಹೋಗಿ, ಟೈಪು ಮಾಡುವಾಗ ಅಟೆಂಡರ್ ಜಲಜಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಜಲಜ ನೋಡಿದ್ದೇನೆ ಎಂದರೂ ಸೋಮವಾರ ಪುಸ್ತಕಗಳಿಲ್ಲ. ಕಾಲೇಜಿನಲ್ಲಿ ಇಂಥ ಸುದ್ದಿಗೆ ಕಾಲು ಬರಲು ಹೆಚ್ಚು ಹೊತ್ತು ಬೇಡ. ವಯಸ್ಸಾಯ್ತಲ್ದಾ, ಪಾಪ, ಎಂದು ರಾಮಣ್ಣ ನಿಟ್ಟುಸಿರು ಬಿಟ್ಟರು. ಅವರ ಚಿಕ್ಕಮ್ಮನಿಗೂ ಹೀಗೆಯೇ ಆರಂಭವಾಗಿ, ಕೊನೆಗೆ ಉಪ್ಪಿನಕಾಯಿ ಭರಣಿಯಲ್ಲಿ ಕೀಲಿಕೈ ಇಡುವಲ್ಲಿಗೆ ಮುಟ್ಟಿತ್ತಂತೆ. ಉಳಿದ ಕೆಲಸವನ್ನು ಹೊರಗಿನವರಿಗೆ ಕೊಟ್ಟುಬಿಡೋಣ, ಮೇಡಂಗೆ ಸುಮ್ಮನೆ ತೊಂದರೆ ಬೇಡ ಎಂದು ಪ್ರಿನ್ಸಿಪಾಲರೂ ನನ್ನ ಅಭಿಪ್ರಾಯ ಕೇಳಿದರು. ನಾನು ಉದಾರವಾಗಿ, ಈ ತಿಂಗಳು ನೋಡುವ ಸರ್ ಎಂದೆ. ಅಷ್ಟೇ ಅಲ್ಲ, ನಮ್ಮ ಹಿತ್ತಲಿನ ಬಾವಿಕಟ್ಟೆಯ ಪಕ್ಕ ಒಂದೆಲಗ ಸೊಂಪಾಗಿ ಬೆಳೆದಿತ್ತು. ನೆನಪಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲವೆಂದು ಎಲ್ಲರೂ ಹೇಳುತ್ತಾರಲ್ಲ, ಪ್ರತಿ ಸೋಮವಾರ ಒಂದು ಕಟ್ಟು ಕೊಯ್ದು, ಬಾಳೆಎಲೆಯಲ್ಲಿ ಸುತ್ತಿ ಮೇಡಂಗೆ ತಂದುಕೊಡತೊಡಗಿದೆ. ತಂಬುಳಿ ಮಾಡಿ, ಮೊಸರಿಗಿಂತ ಮಜ್ಜಿಗೆ ಒಳ್ಳೆಯದು ಎಂದು ಸಲಹೆಯನ್ನೂ ಕೊಟ್ಟೆ. ಅವರು ಅದನ್ನು ಶ್ರದ್ಧೆಯಿಂದ ಕೊಂಡುಹೋಗುತ್ತಿದ್ದರು. ಈಗ ನೆನೆಸಿಕೊಂಡರೆ ಆ ಬಾಳೆಎಲೆಯ ಪೊಟ್ಟಣದ ನೆನಪಿಗೇ ನನಗೆ ಹೆಚ್ಚು ನಾಚಿಕೆ.

ಮೇ ತಿಂಗಳ ಮೊದಲ ವಾರ. ಮೇಡಂ ಅವರ ಪಿಂಚಣಿಯ ಕಾಗದದಲ್ಲಿ ಹುಟ್ಟಿದ ತಾರೀಕಿನ ಬಗ್ಗೆ ಏನೋ ತಕರಾರು ಬಂದು, ರಾಮಣ್ಣ ಅವರನ್ನು ಆಫೀಸಿಗೆ ಕರೆಸಿದ್ದರು. ನಾನು ಸರ್ವರಿನ ಧೂಳು ಒರೆಸುತ್ತ ಅಲ್ಲೇ ಇದ್ದೆ. ಶಾಲೆಯ ದಾಖಲೆಯಲ್ಲಿ ಮೇ ತಿಂಗಳ ಕೊನೆಯ ದಿನ ಎಂದಿದೆ, ಆಸ್ಪತ್ರೆಯ ಹಳೆಯ ಚೀಟಿಯಲ್ಲಿ ಜೂನ್ ಒಂದು ಎಂದಿದೆ, ಯಾವುದು ಸರಿ ಎಂಬುದು ರಾಮಣ್ಣನ ಪ್ರಶ್ನೆ. ಮೇಡಂ ನಿಧಾನವಾಗಿ ಹೇಳಿದರು: "ಎರಡೂ ಸರಿಯೇ. ನಾನ್ ಹುಟ್ಟದ್ದ್ ರಾತ್ರಿ ಎರಡ್ ಗಂಟಿಗೆ. ಹೊತ್ತ್ ಹುಟ್ಟುಕೆ ಮುಂಚೆ ಅಂದ್ರೆ ನಮ್ಗೆ ಹಿಂದಿನ್ ದಿನವೇ ಅಲ್ದಾ? ಅಪ್ಪಯ್ಯ ಹಾಂಗೇ ಬರ್ಸಿದ್ರ್. ಆಸ್ಪತ್ರಿಯರ್ ಗಡಿಯಾರ ಕಂಡ್ ಬರ್ದ್ರ್." ಒಂದನೇ ತಾರೀಕಿಗೆ ಹುಟ್ಟಿದವರೂ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು, ಹಾಗಾಗಿ ಯಾವುದಾದರೂ ನಿಮಗೆ ಒಂದೇ ಎಂದು ರಾಮಣ್ಣ ನಕ್ಕರು. ನನಗೆ ನಗು ಬರಲಿಲ್ಲ. ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು.

ನಮ್ಮ ಊರಲ್ಲಿ ಶನಿವಾರದ ಯಕ್ಷಗಾನದ ಆಟ ಎಂದರೆ ಚೌಕಿಯಲ್ಲಿ ಬಣ್ಣ ಹಚ್ಚುವುದರಿಂದ ಹಿಡಿದು ಭಾನುವಾರ ಬೆಳಕು ಹರಿದು ಮಂಗಳ ಹಾಡುವವರೆಗೆ ಪೂರ್ತಿ ಶನಿವಾರವೇ. ಶನಿವಾರ ರಾತ್ರಿ ಎರಡು ಗಂಟೆ ಎಂದರೆ ಶನಿವಾರದ ಊಟವಾಗಿ, ಮಲಗಿ, ಒಂದು ನಿದ್ದೆ ಮುಗಿಯುವ ಹೊತ್ತು. ಆದರೆ ಕ್ರಾನನಿಗೆ ಆಟವೂ ಗೊತ್ತಿಲ್ಲ, ಸೂರ್ಯೋದಯವೂ ಗೊತ್ತಿಲ್ಲ. ಅವನಿಗೆ ಶನಿವಾರದ ಎರಡು ಗಂಟೆ ಎಂದರೆ ಶುಕ್ರವಾರ ಮಲಗಿದವರು ಇನ್ನೂ ಏಳದಿರುವ ಹೊತ್ತು. ಆಗಲೇ ಅವನು ಶುಕ್ರವಾರದವರೆಗಿನ ಪುಸ್ತಕಗಳನ್ನು ಪಟ್ಟಿಗೆ ಸೇರಿಸಿ ಕೈ ತೊಳೆದುಕೊಳ್ಳುತ್ತಿದ್ದ. ಅದಾಗಿ ಎಷ್ಟೋ ಹೊತ್ತಿನ ಮೇಲೆ ಮೇಡಂ ಬಸ್ಸಿಳಿದು ಬಂದು ಶನಿವಾರದ ಪುಸ್ತಕಗಳನ್ನು ಟೈಪು ಮಾಡುತ್ತಿದ್ದರು. ಭಾನುವಾರ ಬೆಳಿಗ್ಗೆ ಆರಕ್ಕೆ ಅವನು ಬಂದು, ಯಾವ ಪಟ್ಟಿಗೂ ಸೇರದ ಅವಷ್ಟನ್ನೂ ಗುಡಿಸಿ ಎಸೆಯುತ್ತಿದ್ದ. ನಾಲ್ಕು ಗಂಟೆ ಎಂದು ನಾನು ತಿಳಿದದ್ದು ಇಪ್ಪತ್ತೆಂಟು ಗಂಟೆ. ನಾಲ್ಕು ಸಮಾರಂಭಗಳಲ್ಲಿ ಬಾವನನ್ನು ನಿಲ್ಲಿಸಿ ನಕ್ಕಿದ್ದ ತಪ್ಪನ್ನೇ ನಾನು ಪ್ರತಿ ವಾರ ತಪ್ಪದೆ ನಡೆಯುವಂತೆ ಏರ್ಪಾಟು ಮಾಡಿದ್ದೆ. ಬಾವ ಒಂದು ರೈಲು ತಪ್ಪಿಸಿಕೊಂಡದ್ದು, ಅದೂ ತನ್ನದೇ.

ಸರಿಪಡಿಸಲು ಅರ್ಧ ನಿಮಿಷ ಹಿಡಿಯಿತು. ಆರು ಅಳಿಸಿ ಸೊನ್ನೆ ಹಾಕಿದರೆ ಮುಗಿಯಿತು. ಅರ್ಧ ನಿಮಿಷದಲ್ಲಿ ಆಗುವ ಕೆಲಸ ಯಾರಿಗೂ ಗೊತ್ತಾಗಬೇಕಾಗಿಲ್ಲ ಎಂಬುದೂ ನನಗೆ ಅಷ್ಟರೊಳಗೇ ಹೊಳೆಯಿತು. ಇನ್ನು ಶನಿವಾರದ ಪುಸ್ತಕಗಳು ಉಳಿಯುತ್ತವೆ, ಮೇಡಂಗೆ ಒಂದೆಲಗ ಹಿಡಿಸಿತು ಎಂದು ರಾಮಣ್ಣ ಹೇಳುತ್ತಾರೆ, ಎಲ್ಲರಿಗೂ ಸಂತೋಷ. ಈ ಯೋಚನೆಯನ್ನು ನಾನು ಎರಡು ದಿನ ಇಟ್ಟುಕೊಂಡು ತಿರುಗಿದೆ ಎಂದು ಒಪ್ಪಿಕೊಳ್ಳಬೇಕು. ಮೂರನೆಯ ದಿನ ಲೈಬ್ರರಿಯ ಬಾಗಿಲಲ್ಲಿ ನಿಂತು ನೋಡಿದಾಗ, ಮೇಡಂ ಕಪಾಟಿನಿಂದ ಒಂದು ಪುಸ್ತಕ ತೆಗೆದು, ಅದರ ಹೆಸರನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು, ಮತ್ತೆ ತೆರೆದು ಸರಿಯಾಗಿತ್ತೇ ಎಂದು ನೋಡಿಕೊಳ್ಳುತ್ತಿದ್ದರು. ಅವರು ಹಾಗೆ ಮಾಡುವವರೇ ಅಲ್ಲ. ಒಳಗೆ ಹೋಗಿ, ಸರ್ವರಿನಲ್ಲಿ ಒಂದು ತಪ್ಪಾಗಿತ್ತು ಮೇಡಂ ಎಂದು ಶುರು ಮಾಡಿದೆ.

ಪೂರ್ತಿ ಕೇಳಿದ ಮೇಲೆ ಅವರು ಕನ್ನಡಕದ ಮೇಲಿನಿಂದ ನೋಡಿದರು. "ತಪ್ಪ್ ಸರ್ವರಿದ್ದಾ, ನಿಮ್ದಾ?"

"ನಂದೇ" ಎಂದೆ.

"ಅಂದ್ರೆ ನಂಗೆ ಮರ್ತದ್ದಲ್ಲ."

"ಅಲ್ಲ ಮೇಡಂ. ಒಂದ್ಸಲವೂ ಅಲ್ಲ."

ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಮೂರು ತಿಂಗಳಿಂದ ದಿನಾ ರಾತ್ರಿ ಗ್ಯಾಸ್ ಆರಿಸಿದ್ದೇನೋ ಎಂದು ಎರಡೆರಡು ಸಲ ಎದ್ದು ನೋಡುತ್ತಿದ್ದುದನ್ನು ಹೇಳಿದರು. ಆಮೇಲೆ, "ಹಾಂಗಾರೆ ಇದನ್ನ್ ಎಲ್ಲರೆದ್ರ್ ಹೇಳ್ಕ್ ನೀವು" ಎಂದರು. ಹೇಳುತ್ತೇನೆ ಎಂದೆ.

ಮೇ ತಿಂಗಳ ಉಳಿದ ದಿನಗಳಲ್ಲಿ, ರಜೆಯಲ್ಲಿ, ಕಳೆದುಹೋದ ಶನಿವಾರಗಳ ಪುಸ್ತಕಗಳನ್ನೂ ಇನ್ನೂ ಬಾಕಿ ಉಳಿದವನ್ನೂ ನಾವಿಬ್ಬರೂ ಕೂತು ಹಾಕಿದೆವು. ಅವರು ರಿಜಿಸ್ಟರು ಓದುವುದು, ನಾನು ಎರಡೇ ಬೆರಳಲ್ಲಿ ಹೊಡೆಯುವುದು. ಹತ್ತು ಪುಸ್ತಕಕ್ಕೊಮ್ಮೆ, ಸೇವ್ ಒತ್ತಿದ್ರಾ ಮಾಷ್ಟ್ರೆ ಎಂದು ಕೇಳುತ್ತಿದ್ದರು. ನಾನು ಎರಡು ಸಲ ಮರೆತಿದ್ದೆ. ನಿವೃತ್ತಿಗೆ ಎರಡು ದಿನ ಇರುವಾಗ ಕೆಲಸ ಮುಗಿಯಿತು. ಕೊನೆಯ ಪುಸ್ತಕದ ಎದುರು ಕೆಂಪು ಗುರುತು ಹಾಕುವಾಗ ಅವರ ಮುಖದಲ್ಲಿದ್ದ ಸಮಾಧಾನ ಕಂಡು ನನಗೂ ಸಂತೋಷವಾಯಿತು.

ಬೀಳ್ಕೊಡುಗೆಯ ಸಭೆಯಲ್ಲಿ ನಾನು ಮಾತಿನಂತೆ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಆರು, ಸೊನ್ನೆ, ಆಟ, ಬಾವನ ರೈಲು, ಯಾವುದನ್ನೂ ಬಿಡಲಿಲ್ಲ. ಮೇಡಂ ಒಂದು ಪುಸ್ತಕವನ್ನೂ ಮರೆತಿರಲಿಲ್ಲ, ಮರೆವು ನನ್ನದು ಎಂದೆ. ಸಭೆ ಬಹಳ ಚೆನ್ನಾಗಿ ನಕ್ಕಿತು. ಚಪ್ಪಾಳೆಯೂ ಬಿತ್ತು. ಹಿರಿಯರ ಮನಸ್ಸು ನೋಯಬಾರದೆಂದು ತಪ್ಪನ್ನು ತನ್ನ ತಲೆಗೆ ಎಳೆದುಕೊಳ್ಳುವ ಇಂಥ ದೊಡ್ಡತನ ಇಂದು ಅಪರೂಪ ಎಂದು ಪ್ರಿನ್ಸಿಪಾಲರು ಅಧ್ಯಕ್ಷ ಭಾಷಣದಲ್ಲಿ ನನ್ನನ್ನು ಹೊಗಳಿದರು. ನಿಮ್ದ್ ಭಾರೀ ಒಳ್ಳೆ ಮನ್ಸ್ ಮಾಷ್ಟ್ರೆ, ಎಂದು ರಾಮಣ್ಣ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಎಷ್ಟು ಒತ್ತಿ ಹೇಳಿದರೆ ಅಷ್ಟು ದೊಡ್ಡವನಾಗುತ್ತಿದ್ದೆ. ಲಿನಕ್ಸ್ ಬಲ್ಲವನು ವಾರ ಎಣಿಸಲು ತಪ್ಪುತ್ತಾನೆ ಎಂಬುದಕ್ಕಿಂತ ವಯಸ್ಸಾದ ಹೆಂಗಸು ಮರೆಯುತ್ತಾಳೆ ಎಂಬುದೇ ಅವರಿಗೆಲ್ಲ ನಂಬಲು ಸುಲಭವಾಗಿತ್ತು. ಮೂರು ತಿಂಗಳು ನನಗೂ ಅದೇ ಸುಲಭವಾಗಿತ್ತು.

ಸಭೆ ಮುಗಿದ ಮೇಲೆ ಮೇಡಂ ಹಾರ, ಶಾಲು, ಹಣ್ಣಿನ ಬುಟ್ಟಿಯೊಂದಿಗೆ ವಂಡ್ಸೆ ಬಸ್ಸಿಗೆ ಹೊರಟರು. ಬುಟ್ಟಿ ಹಿಡಿದುಕೊಂಡು ನಾನೂ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಯಾರೂ ನಂಬಲಿಲ್ಲವಲ್ಲ ಎಂದು ಬೇಸರದಿಂದ ಹೇಳಿದೆ. ನಂಗೆ ಗೊತ್ತಾಯ್ತಲ, ಅಷ್ಟ್ ಸಾಕ್ ಎಂದರು. ಬಸ್ಸು ಹತ್ತುವ ಮೊದಲು ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು. ಮುಚ್ಚಳ ತೆಗೆದರೆ ಒಂದೆಲಗದ ತಂಬುಳಿ. "ಇನ್ ಮೇಲೆ ಇದ್ ನೀವೇ ಉಣ್ಣಿ ಮಾಷ್ಟ್ರೆ. ಮಜ್ಜಿಗಿ ಹಾಕಿದ್ದೆ" ಎಂದರು. ಟೈಮ್ ಕೀಪರ್ ಸೀಟಿ ಊದಿದ, ಬಸ್ಸು ಹೊರಟಿತು.

ಇದಾಗಿ ವರ್ಷಗಳೇ ಕಳೆದವು. ಈಗಲೂ ಯಾವುದಾದರೂ ಮದುವೆಯ ಊಟದ ಪಂಕ್ತಿಯಲ್ಲಿ ಹಳೆಯ ಸಹೋದ್ಯೋಗಿಗಳು ಸಿಕ್ಕಿದರೆ, ಒಳ್ಳೆಯವರು ವಾರಿಜಾ ಮೇಡಂ, ಕೊನೆಗೆ ಮಾತ್ರ ಸ್ವಲ್ಪ ಮರೆವು, ಪಾಪ ಎನ್ನುತ್ತಾರೆ. ನಾನು ಎಲೆಯ ಮುಂದೆಯೇ ಮತ್ತೆ ಮೊದಲಿನಿಂದ ವಿವರಿಸುತ್ತೇನೆ. ಅವರು ನನ್ನ ಸೌಜನ್ಯವನ್ನು ಮೆಚ್ಚಿ ಇನ್ನೊಂದು ಸುತ್ತು ಪಾಯಸ ಬಡಿಸಲು ಹೇಳುತ್ತಾರೆ. ನಂಬಿದವನು ಬಾವ ಒಬ್ಬನೇ. ಅವನು ಒಂದೇ ಸಲಕ್ಕೆ ನಂಬಿದ, ಮುಂಬಯಿಗೆಲ್ಲ ಹೇಳಿದ. ಬರವಣಿಗೆಯಲ್ಲಿದ್ದರೆ ಉಳಿದವರೂ ನಂಬಿಯಾರು ಎಂಬ ಆಸೆಯಿಂದ ಈಗ ಇದನ್ನು ಬರೆಯಲು ಕೂತೆ. ಸಾಕ್ಷಿಗೆ ಇರಲಿ ಎಂದು ಆ ತಪ್ಪು ಸಾಲಿನ ಹಳೆಯ ಪ್ರಿಂಟನ್ನು ಪೆಟ್ಟಿಗೆಯಿಂದ ಹುಡುಕಿ ತೆಗೆದೆ. ಸೊನ್ನೆ, ಎರಡು, ನಕ್ಷತ್ರ, ನಕ್ಷತ್ರ, ಆರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಎಲ್ಲವೂ ಸರಿಯಾಗಿಯೇ ಇತ್ತು. ತಪ್ಪು ಎಲ್ಲಿದೆಯೆಂದು ಹೊಳೆಯಲು ನನಗೆ ಸುಮಾರು ಹೊತ್ತು ಹಿಡಿಯಿತು. ಹೊಳೆದ ಮೇಲೆ ಕಾಗದ ಮಡಚಿಟ್ಟು, ಹೆಂಡತಿಗೆ ಹೇಳದೆ, ಒಂದೆಲಗ ಕೊಯ್ಯಲು ಹಿತ್ತಲಿಗೆ ಹೋದೆ.